ಸೂಡಿಯ ಕಲ್ಲಿನ ಮೇಲೆ ಊರಿನ ಹಕ್ಕು

ಈಜಿಪ್ಟಿನ ಗೋರಿಗಳನ್ನು ನೋಡಹೋದವರು ಗೋಡೆಯ ಚಿತ್ರಲಿಪಿಯ ಮುಂದೆ ನಿಂತು ಅದರ ಅರ್ಥವನ್ನು ತಾಳ್ಮೆಯಿಂದ ಕೇಳುತ್ತಾರೆ. ರೋಣ–ಗಜೇಂದ್ರಗಡಗಳ ನಡುವಿನ ಸೂಡಿಗೆ ಬಂದವರು ಕನ್ನಡದ ಶಾಸನವನ್ನೇ ಓದದೆ ದಾಟಿಹೋಗುತ್ತಾರೆ.

ಎರಡು ಶಿಖರಗಳ ಜೋಡುಕಳಸದ ಗುಡಿ, ಮೆಟ್ಟಿಲಿಳಿದು ನೋಡಬೇಕಾದ ನಾಗಕುಂಡ ಮೊದಲು ಕಣ್ಣು ಸೆಳೆಯುವುದು ಸಹಜವೇ. ಹನ್ನೊಂದನೆಯ ಶತಮಾನದಲ್ಲಿ ಸೂಡಿ, ಕಿಸುಕಾಡು ಎಪ್ಪತ್ತು ಎಂಬ ನಾಡಿನ ಪ್ರಮುಖ ಪಟ್ಟಣ. ಆ ನಾಡನ್ನು ಆಳಿದವಳು ಕಲ್ಯಾಣ ಚಾಲುಕ್ಯರ ಎರಡನೇ ಜಯಸಿಂಹನ ಸೋದರಿ ಅಕ್ಕಾದೇವಿ. ಚೋಳರೊಡನೆ ನಡೆದ ಯುದ್ಧದ ಹೊಡೆತಕ್ಕೆ ಊರಿನ ಕಟ್ಟುಪಾಡು ಸಡಿಲವಾಯಿತು. 1050ರ ಹೊತ್ತಿಗೆ ಅಕ್ಕಾದೇವಿಯ ಅಧಿಕಾರಿಗಳು ಇಲ್ಲಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಹಳೆಯ ಕಟ್ಟಳೆಗಳನ್ನು ಹೊಸದಾಗಿ ಊರ್ಜಿತಗೊಳಿಸಿಕೊಟ್ಟರು. ಶಾಸನ ಹೇಳುವುದು ಅದನ್ನೇ.

ಫೇರೋನ ಗೋರಿಯ ಬರಹ ಸತ್ತ ಅರಸನ ಪರಲೋಕದ ದಾರಿಗೆ. ಸೂಡಿಯ ಈ ಬರಹ ಬದುಕಿದ್ದವರ ಇಹದ ನೆಮ್ಮದಿಗೆ. ಯುದ್ಧದಿಂದ ನೊಂದ ಊರು ಮತ್ತೆ ಎದ್ದು ನಿಂತದ್ದಕ್ಕೆ ಇದು ಸಾಕ್ಷಿ.

ಇಂಥ ಕಲ್ಲಿಗೆ ಸುಣ್ಣ ಬಳಿದರೆ, ಎಣ್ಣೆ ಸುರಿದರೆ ಅಕ್ಷರ ಮುಚ್ಚಿಹೋಗುತ್ತದೆ. ಅಕ್ಷರದೊಡನೆ ಎಂಬತ್ತು ಮನೆಗಳ ಮಾತೂ ಮುಚ್ಚಿಹೋಗುತ್ತದೆ. ಸೂಡಿಗೆ ಹೋದವರು ಶಿಖರ ನೋಡಿದ ಮೇಲೆ ಶಾಸನದ ಮುಂದೆಯೂ ಹತ್ತು ನಿಮಿಷ ನಿಲ್ಲಲಿ.