ಎಂಟನೆಯ ವಿಧಿ

(ಮಹಿಳಾ ವೇದಿಕೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ವಿಶ್ವಸಂಸ್ಥೆ ಎಂದೊಡನೆ ನಮಗೆ ನೆನಪಾಗುವುದು ಭದ್ರತಾ ಮಂಡಳಿ, ನೀಲಿ ಟೊಪ್ಪಿಯ ಶಾಂತಿಪಾಲಕರು. ಇವೆಲ್ಲಕ್ಕೂ ಬುನಾದಿ ಒಂದು ಸನ್ನದು. ಅದರಲ್ಲಿ 19 ಅಧ್ಯಾಯ, 111 ವಿಧಿಗಳಿವೆ. ಇವತ್ತು ನಾನು ಎಂಟನೆಯ ವಿಧಿಯೊಂದರ ಬಗ್ಗೆ ಮಾತ್ರ ಮಾತಾಡುತ್ತೇನೆ. ಇರುವುದು ಒಂದೇ ವಾಕ್ಯ. ಸಂಸ್ಥೆಯ ಯಾವುದೇ ಅಂಗದಲ್ಲಿ, ಯಾವುದೇ ಹುದ್ದೆಯಲ್ಲಿ, ಸ್ತ್ರೀಪುರುಷರು ಸಮಾನವಾಗಿ ಭಾಗವಹಿಸಲು ಯಾವ ನಿರ್ಬಂಧವೂ ಇರಕೂಡದು ಎಂಬುದು ಅದರ ಸಾರ.

1945ರ ಏಪ್ರಿಲ್ 25ರಿಂದ ಜೂನ್ 26ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 50 ದೇಶಗಳ ಪ್ರತಿನಿಧಿಗಳು ಕೂತು ಈ ಸನ್ನದು ಬರೆದರು. ಸಹಿ ಹಾಕಿದ ಸುಮಾರು 160 ಮಂದಿಯಲ್ಲಿ ಹೆಂಗಸರು ನಾಲ್ವರೇ. ಬ್ರೆಜಿಲಿನ ಬರ್ತಾ ಲುಟ್ಜ್ ಕಪ್ಪೆಗಳ ಮೇಲೆ ಸಂಶೋಧನೆ ಮಾಡಿದ ವಿಜ್ಞಾನಿ. ಡೊಮಿನಿಕನ್ ಗಣರಾಜ್ಯದ ಮಿನರ್ವಾ ಬರ್ನಾರ್ಡಿನೊ ಮಹಿಳಾ ಹಕ್ಕುಗಳ ಹೋರಾಟಗಾರ್ತಿ. ಚೀನಾದ ವೂ ಯಿಫಾಂಗ್, ಅಮೆರಿಕದ ವರ್ಜೀನಿಯಾ ಗಿಲ್ಡರ್‌ಸ್ಲೀವ್ ಇಬ್ಬರೂ ಮಹಿಳಾ ಕಾಲೇಜುಗಳ ಮುಖ್ಯಸ್ಥೆಯರು.

ನಾಲ್ವರೂ ಒಂದೇ ಮಾತಾಡಿದರು ಎಂದುಕೊಳ್ಳಬೇಡಿ. ಹೆಂಗಸರಿಗೆಂದು ಬೇರೆ ವಾಕ್ಯ ಏಕೆ, ಸನ್ನದಿನಲ್ಲಿ ಅವರನ್ನು ಎಲ್ಲೂ ತಡೆದಿಲ್ಲವಲ್ಲ ಎಂಬ ವಾದ ಅಮೆರಿಕ, ಬ್ರಿಟನ್ ಕಡೆಯಿಂದಲೇ ಬಂತು. ಹೆಂಗಸರಿಗಾಗಿ ಏನನ್ನೂ ಕೇಳಬೇಡಿ, ಅದು ಅಸಭ್ಯವೆನಿಸುತ್ತದೆ ಎಂದು ಗಿಲ್ಡರ್‌ಸ್ಲೀವ್ ತನಗೆ ಹೇಳಿದ್ದನ್ನು ಲುಟ್ಜ್ ಬರೆದಿಟ್ಟಿದ್ದಾರೆ. ಆದರೂ ಲುಟ್ಜ್, ಬರ್ನಾರ್ಡಿನೊ, ಆಸ್ಟ್ರೇಲಿಯಾದ ಜೆಸ್ಸಿ ಸ್ಟ್ರೀಟ್ ಪಟ್ಟು ಬಿಡಲಿಲ್ಲ. ಆಗ ಸಂಸ್ಥೆಯ 51 ಸ್ಥಾಪಕ ದೇಶಗಳ ಪೈಕಿ ಹೆಂಗಸರಿಗೆ ಸಮಾನ ಮತದಾನದ ಹಕ್ಕಿದ್ದುದು 30ರಲ್ಲಿ ಮಾತ್ರ. ಬರೆಯದೆ ಬಿಟ್ಟರೆ ಸಿಗುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಭಾರತ ಆಗಿನ್ನೂ ಬ್ರಿಟಿಷರ ಕೈಯಲ್ಲಿತ್ತು. ನಮ್ಮ ಪರವಾಗಿ ಸಹಿ ಹಾಕಿದವರಲ್ಲಿ ಒಬ್ಬರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಮೈಸೂರಿನ ದಿವಾನರಾದವರು ಇವರೇ. ವಿಜಯಲಕ್ಷ್ಮಿ ಪಂಡಿತರೂ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದರು, ಆದರೆ ಅಧಿಕೃತ ಪ್ರತಿನಿಧಿಯಾಗಿ ಅಲ್ಲ. ಸರ್ಕಾರ ಕಳಿಸಿದವರು ಭಾರತದ ನಿಜವಾದ ಪ್ರತಿನಿಧಿಗಳಲ್ಲ ಎಂದು ಅವರು ಹೊರಗೆ ನಿಂತು ಸಾರಿದರು. ಎಂಟೇ ವರ್ಷದಲ್ಲಿ, 1953ರಲ್ಲಿ, ಅದೇ ವಿಶ್ವಸಂಸ್ಥೆಯ ಮಹಾಸಭೆಗೆ ಮೊದಲ ಮಹಿಳಾ ಅಧ್ಯಕ್ಷೆಯಾದರು. 2007ರಲ್ಲಿ ಲೈಬೀರಿಯಾಕ್ಕೆ ಹೋದ, ಪೂರ್ತಿ ಮಹಿಳೆಯರೇ ಇದ್ದ ಮೊದಲ ಶಾಂತಿಪಾಲನಾ ಪೊಲೀಸ್ ತುಕಡಿಯೂ ನಮ್ಮ ದೇಶದ್ದೇ.

ಒಂದು ವಾಕ್ಯದಿಂದ ಎಲ್ಲವೂ ಆಯಿತೆ? ಇಲ್ಲ. ಇದುವರೆಗಿನ ಒಂಬತ್ತು ಮಹಾಕಾರ್ಯದರ್ಶಿಗಳೂ ಗಂಡಸರೇ. ಆದರೆ ವಾಕ್ಯ ಇರುವುದರಿಂದ "ಏಕೆ ಹೀಗೆ?" ಎಂದು ಕೇಳುವವರಿಗೆ ಕಾಲೂರಲು ನೆಲ ಸಿಕ್ಕಿದೆ. ಕೃಪೆ ಬೇಡುವ ಅಗತ್ಯವಿಲ್ಲ, ಒಪ್ಪಿಕೊಂಡ ಮಾತನ್ನು ನೆನಪಿಸಿದರೆ ಸಾಕು.

ಅಧ್ಯಕ್ಷರು ಬೇಸರಿಸಬಾರದು, ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಹೊರನಾಡಿನ ನಮ್ಮಂಥ ಸಂಘಗಳ ನಿಯಮಾವಳಿ ತೆಗೆದು ಓದಿ. ಹೆಂಗಸರು ಖಜಾಂಚಿ ಆಗಬಾರದು, ಕಟ್ಟಡ ನಿಧಿಯ ಸಮಿತಿಯಲ್ಲಿ ಇರಬಾರದು ಎಂದು ಯಾರೂ ಬರೆದಿರುವುದಿಲ್ಲ. ಆದರೂ ರಾಜ್ಯೋತ್ಸವ ಬಂದರೆ ರಂಗೋಲಿ, ಆರತಿ ತಟ್ಟೆ, ಕೋಸಂಬರಿ ನಮ್ಮ ಪಾಲಿಗೆ. ಲೆಕ್ಕಪತ್ರ, ಸಹಿ, ತೀರ್ಮಾನ ಅವರ ಪಾಲಿಗೆ. ಕೇಳಿದರೆ "ನಿಮ್ಮನ್ನು ಬೇಡವೆಂದವರು ಯಾರು?" ಎನ್ನುತ್ತಾರೆ. 1945ರಲ್ಲಿ ಲುಟ್ಜ್ ಅವರಿಗೂ ಹೀಗೇ ಹೇಳಿದ್ದರು.

ಹಾಗಾಗಿ ನನ್ನದೊಂದು ಸಲಹೆ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ನಮ್ಮ ನಿಯಮಾವಳಿಗೂ ಒಂದು ವಾಕ್ಯ ಸೇರಿಸೋಣ. ಸಂಘದ ಎಲ್ಲ ಸಮಿತಿ, ಎಲ್ಲ ಹುದ್ದೆಗಳಿಗೂ ಸ್ತ್ರೀಪುರುಷರು ಸಮಾನವಾಗಿ ಅರ್ಹರು ಎಂದು. ಠರಾವು ಮಂಡಿಸಲು ನಾನು ಸಿದ್ಧ. ಅನುಮೋದಿಸಲು ಒಬ್ಬರು ಬೇಕು, ಅದು ಗಂಡಸರಾದರೆ ಇನ್ನೂ ಸಂತೋಷ.

 ಸಿರಿಗನ್ನಡಂ ಗೆಲ್ಗೆ.