ಗರ್ಭಿಣಿಯ ರಕ್ತಹೀನತೆ: ಮನೆಯೇ ಉತ್ತರಿಸಬೇಕಾದ ಪ್ರಶ್ನೆ

(ಮಹಿಳೆಯರ ಆರೋಗ್ಯದ ಕುರಿತು ಏರ್ಪಡಿಸಲಾಗಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಮ್ಮ ದೇಶದಲ್ಲಿ ಬೆಲೆಯೇರಿಕೆಯ ಬಗ್ಗೆ ಚರ್ಚೆಯಾಗುತ್ತದೆ. ಚುನಾವಣೆಯ ಬಗ್ಗೆಯಂತೂ ಹಗಲಿರುಳು ಚರ್ಚೆಯಾಗುತ್ತದೆ. ಆದರೆ ದೇಶದ ಅರ್ಧಕ್ಕಿಂತಲೂ ಹೆಚ್ಚು ಮಹಿಳೆಯರ ರಕ್ತದಲ್ಲಿ ಇರಬೇಕಾದಷ್ಟು ಹಿಮೋಗ್ಲೋಬಿನ್ ಇಲ್ಲ ಎಂಬ ವಾಸ್ತವವು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಗರ್ಭಿಣಿಯರಲ್ಲಿ ಈ ಪ್ರಮಾಣ ಶೇ. 52. ಅದೇ ವಯೋಮಾನದ ಪುರುಷರಲ್ಲಿ ಶೇ. 25 ಮಾತ್ರ. ನಮ್ಮ ಕರ್ನಾಟಕದಲ್ಲೂ ಮಹಿಳೆಯರ ಪೈಕಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆಯಿತ್ತು.

ಒಂದೇ ಮನೆ, ಒಂದೇ ಒಲೆ, ಒಂದೇ ಪಾತ್ರೆಯ ಅನ್ನ. ಹಾಗಿದ್ದೂ ಗಂಡಿಗೂ ಹೆಣ್ಣಿಗೂ ಇಷ್ಟೊಂದು ಅಂತರವೇಕೆ? ನಾನು ವೈದ್ಯನಲ್ಲ, ಪತ್ರಕರ್ತ. ವೈದ್ಯರು ಹೇಳುವುದನ್ನು ತಮ್ಮ ಮುಂದಿಟ್ಟು, ಅದರಲ್ಲಿ ನಮ್ಮ ಪಾಲಿನ ಹೊಣೆ ಎಷ್ಟು ಎಂದು ಕೇಳುವುದಷ್ಟೇ ನನ್ನ ಉದ್ದೇಶ.

ಕಬ್ಬಿಣ, ಕ್ಯಾಲ್ಸಿಯಂ, ಅಯೋಡಿನ್, ಸತು ಮುಂತಾದ ಖನಿಜಗಳನ್ನು ನಮ್ಮ ಶರೀರ ತಾನೇ ತಯಾರಿಸಿಕೊಳ್ಳಲಾರದು. ಅವು ಹೊರಗಿನಿಂದ, ಮುಖ್ಯವಾಗಿ ಆಹಾರದ ಮೂಲಕವೇ ಬರಬೇಕು. ರಕ್ತವು ಆಮ್ಲಜನಕವನ್ನು ಹೊತ್ತೊಯ್ಯಲು ಕಬ್ಬಿಣ ಬೇಕು. ಎಲುಬಿಗೆ ಕ್ಯಾಲ್ಸಿಯಂ ಬೇಕು. ಗರ್ಭದಲ್ಲಿರುವ ಮಗುವಿನ ಮೆದುಳು ಬೆಳೆಯಲು ಅಯೋಡಿನ್ ಬೇಕು. ರಕ್ತಹೀನತೆಗೆ ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವದ ಕೊರತೆ, ಹೊಟ್ಟೆಹುಳು, ಕೆಲವು ಅನುವಂಶಿಕ ಕಾಯಿಲೆಗಳೂ ಕಾರಣವಾಗಬಹುದು. ಆದರೂ ಕಬ್ಬಿಣದ ಕೊರತೆಯೇ ಅದರ ಪ್ರಮುಖ ಕಾರಣಗಳಲ್ಲೊಂದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನೀಡಿದ ಶಿಫಾರಸಿನಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕು. ವಯಸ್ಕ ಮಹಿಳೆಗೆ 29 ಮಿಲಿಗ್ರಾಂ. ಪ್ರತಿ ತಿಂಗಳ ಮುಟ್ಟಿನಲ್ಲಿ ಆಕೆ ಕಳೆದುಕೊಳ್ಳುವ ರಕ್ತವೇ ಇದಕ್ಕೆ ಕಾರಣ. ಅಂದರೆ ಆಕೆಯ ಅಗತ್ಯ ಪುರುಷನದಕ್ಕಿಂತ ಒಂದೂವರೆ ಪಟ್ಟು. ಆದರೆ ನಮ್ಮ ಊಟದ ಮನೆಯ ಕ್ರಮವೇನು? ಮೊದಲು ಗಂಡಸರು, ಬಳಿಕ ಮಕ್ಕಳು, ಎಲ್ಲರದೂ ಮುಗಿದ ಮೇಲೆ ಅಡುಗೆ ಮಾಡಿದವಳು. ಮಾಂಸ, ಮೀನಿನ ತುಂಡುಗಳೆಲ್ಲ ಮುಗಿದು, ಪಾತ್ರೆಯ ತಳದ ಸಾರು ಆಕೆಯ ಪಾಲಿಗೆ ಉಳಿಯುತ್ತದೆ. ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ! ಇದನ್ನು ನಾವು ತ್ಯಾಗವೆಂದು ಹೊಗಳುತ್ತೇವೆ. ವಾಸ್ತವದಲ್ಲಿ ಇದು ಅನ್ಯಾಯ.

ಗರ್ಭಾವಸ್ಥೆಯಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಮಗುವಿಗಾಗಿ, ಹೆಚ್ಚುವ ರಕ್ತಕ್ಕಾಗಿ ಹಾಗೂ ಹೆರಿಗೆಯ ನಷ್ಟವನ್ನು ತುಂಬುವುದಕ್ಕಾಗಿ ಒಂದು ಬಸಿರಿಗೆ ಒಟ್ಟು ಸುಮಾರು ಒಂದು ಗ್ರಾಂ ಕಬ್ಬಿಣ ಬೇಕಾಗುತ್ತದೆ. ನಮ್ಮ ಅನ್ನ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣದಲ್ಲಿ ಸಾಮಾನ್ಯವಾಗಿ ಹತ್ತನೆಯ ಒಂದು ಪಾಲು ಅಥವಾ ಅದಕ್ಕಿಂತಲೂ ಕಡಿಮೆ ಶರೀರಕ್ಕೆ ಸೇರುತ್ತದೆ. ಗರ್ಭಿಣಿಯ ಶರೀರ ಇದಕ್ಕಿಂತ ಹೆಚ್ಚು ಹೀರಿಕೊಳ್ಳುತ್ತದೆ ನಿಜ. ಆದರೆ ಮದುವೆಗೆ ಮುನ್ನವೇ ಬರಿದಾಗಿರುವ ಸಂಗ್ರಹವನ್ನು ಊಟವೊಂದೇ ತುಂಬಲಾರದು. ಆದ್ದರಿಂದಲೇ ಮಾತ್ರೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿಳಿದರೆ ಗರ್ಭಿಣಿಯನ್ನು ರಕ್ತಹೀನತೆಯುಳ್ಳವಳೆಂದು ಪರಿಗಣಿಸಲಾಗುತ್ತದೆ. ಅಂಥವರಲ್ಲಿ ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು ಇವುಗಳ ಅಪಾಯ ಹೆಚ್ಚು. ಹೆರಿಗೆಯ ವೇಳೆ ಇತರರು ತಾಳಿಕೊಳ್ಳಬಲ್ಲಷ್ಟು ರಕ್ತಸ್ರಾವವೇ ಈಕೆಯ ಪ್ರಾಣಕ್ಕೆ ಎರವಾಗಬಹುದು.

ಇಲ್ಲಿ ಒಂದು ಹೋಲಿಕೆ ಗಮನಾರ್ಹ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಕೊರತೆಯಿಂದ ಗಳಗಂಡ ರೋಗ ವ್ಯಾಪಕವಾಗಿತ್ತು. 1956ರಿಂದ ಡಾ. ವಿ. ರಾಮಲಿಂಗಸ್ವಾಮಿಯವರು ತಮ್ಮ ಸಹೋದ್ಯೋಗಿಗಳೊಂದಿಗೆ ಅಲ್ಲಿ ಅಧ್ಯಯನ ನಡೆಸಿ, ಅಯೋಡಿನ್ ಬೆರೆಸಿದ ಉಪ್ಪಿನಿಂದ ಈ ರೋಗವನ್ನು ಗಣನೀಯವಾಗಿ ತಗ್ಗಿಸಬಹುದೆಂದು ತೋರಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅಯೋಡಿನ್ ರಹಿತ ಉಪ್ಪಿನ ಮೇಲಿನ ನಿಷೇಧವನ್ನು 2000ದಲ್ಲಿ ತೆರವುಗೊಳಿಸಿದ ಕೇಂದ್ರ ಸರಕಾರ, 2006ರಲ್ಲಿ ಮತ್ತೆ ಜಾರಿಗೊಳಿಸಿತು. ಹೀಗೆ ಅಯೋಡಿನ್ ಉಪ್ಪಿನ ಜೊತೆಗೆ, ಯಾರ ಅನುಮತಿಯನ್ನೂ ಕೇಳದೆ ಎಲ್ಲರ ತಟ್ಟೆಗೂ ತಲುಪಿತು. ಅತ್ತೆಗೂ ಸೊಸೆಗೂ ಒಂದೇ ಉಪ್ಪು.

ಕಬ್ಬಿಣದ ಕಥೆ ಹಾಗಲ್ಲ. ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1970ರಲ್ಲಿ. 2018ರಲ್ಲಿ 'ಅನೀಮಿಯಾ ಮುಕ್ತ ಭಾರತ' ಎಂಬ ಹೆಸರಿನಲ್ಲಿ ಅದಕ್ಕೆ ಹೊಸ ರೂಪ ನೀಡಲಾಯಿತು. ಅರ್ಧ ಶತಮಾನ ಕಳೆದರೂ ಸಮಸ್ಯೆ ಉಳಿದಿದೆಯೆಂದರೆ ಸರಕಾರದ ಲೋಪ ಇಲ್ಲವೆನ್ನಲಾಗದು. ಮಾತ್ರೆ ಸಕಾಲಕ್ಕೆ ಸಿಗದ ಊರುಗಳಿದ್ದರೆ ಅದನ್ನು ಪ್ರಶ್ನಿಸುವುದು ನಮ್ಮ ಹಕ್ಕು, ಕರ್ತವ್ಯ ಕೂಡ. ಆದರೆ ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ತಂದುಕೊಟ್ಟ ಮಾತ್ರೆ ಕಪಾಟಿನಲ್ಲೇ ಉಳಿದರೆ ಅದಕ್ಕೆ ಯಾರು ಹೊಣೆ? ಅಲ್ಲಿಂದ ಬಾಯಿಯವರೆಗಿನ ದಾರಿ ನಮ್ಮ ಮನೆಯೊಳಗೇ ಇದೆ.

ಆ ದಾರಿಯಲ್ಲಿ ಅಡ್ಡ ನಿಂತಿರುವುದು ಕೆಲವು ತಪ್ಪು ಕಲ್ಪನೆಗಳು. ಮಾತ್ರೆ ನುಂಗಿದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎನ್ನುತ್ತಾರೆ. ಇದಕ್ಕೆ ಆಧಾರವಿಲ್ಲ. ಮಲ ಕಪ್ಪಾಯಿತೆಂದು ಗಾಬರಿಯಾಗಿ ಮಾತ್ರೆ ಬಿಡುತ್ತಾರೆ. ಶರೀರ ಹೀರಿಕೊಳ್ಳದೆ ಉಳಿದ ಕಬ್ಬಿಣದ ಬಣ್ಣವದು, ಭಯಪಡಬೇಕಾಗಿಲ್ಲ. ವಾಕರಿಕೆ, ಮಲಬದ್ಧತೆ ಕೆಲವರನ್ನು ನಿಜವಾಗಿಯೂ ಕಾಡುತ್ತವೆ. ಅಂಥವರು ಮಾತ್ರೆಯನ್ನು ಎಸೆಯದೆ ವೈದ್ಯರನ್ನು ಕಾಣಬೇಕು. ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕೆನಿಸುವುದನ್ನು ಬಯಕೆಯೆಂದು ನಕ್ಕು ಬಿಡಬಾರದು. ಅದು ಕಬ್ಬಿಣದ ಕೊರತೆಯ ಲಕ್ಷಣವಾಗಿರಬಹುದು.

ಸರಕಾರದ ಮಾರ್ಗಸೂಚಿ ಸರಳವಾಗಿದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ. ರಕ್ತಹೀನತೆ ಕಂಡುಬಂದರೆ ವೈದ್ಯರು ಪ್ರಮಾಣವನ್ನು ಬದಲಿಸುತ್ತಾರೆ. 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆರಡು. ಕ್ಯಾಲ್ಸಿಯಂ ಕಡಿಮೆ ಸೇವಿಸುವವರಲ್ಲಿ ಇದು ಬಸಿರಿನ ರಕ್ತದೊತ್ತಡದ ಅಪಾಯವನ್ನೂ ತಗ್ಗಿಸುತ್ತದೆ. ಇವೆರಡನ್ನು ಜೊತೆಯಾಗಿ ನುಂಗಬಾರದು, ಒಂದು ಮತ್ತೊಂದನ್ನು ತಡೆಯುತ್ತದೆ. ಚಹಾ, ಕಾಫಿಯ ಜೊತೆಗೂ ಕಬ್ಬಿಣದ ಮಾತ್ರೆ ಸಲ್ಲದು. ಊಟವಾದ ಕೂಡಲೇ ಚಹಾ ಕುಡಿಯುವ ನಮ್ಮ ಅಭ್ಯಾಸವನ್ನು ಒಂದೆರಡು ಗಂಟೆ ಮುಂದೂಡುವುದು ಲೇಸು. ಊಟದಲ್ಲಿ ನಿಂಬೆರಸ, ನೆಲ್ಲಿಕಾಯಿ, ಪೇರಳೆ ಇದ್ದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಮಾಂಸ, ಮೀನಿನ ಕಬ್ಬಿಣ ಇನ್ನೂ ಸುಲಭವಾಗಿ ಸೇರುತ್ತದೆ. ರಾಗಿ ಮತ್ತು ಮುಳ್ಳುಸಮೇತ ತಿನ್ನುವ ಸಣ್ಣ ಮೀನುಗಳು ಕ್ಯಾಲ್ಸಿಯಂನ ಭಂಡಾರ. ಇವು ಶ್ರೀಮಂತರ ಆಹಾರವಲ್ಲ. ಈ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು, ಹೆಚ್ಚು ನುಂಗಿದರೆ ಮಗುವಿನ ಜೀವಕ್ಕೇ ಅಪಾಯ.

ಏಳನೆಯ ತಿಂಗಳಲ್ಲಿ ಗರ್ಭಿಣಿಗೆ ಹೂ ಮುಡಿಸಿ ನೆಂಟರಿಗೆಲ್ಲ ಔತಣ ನೀಡುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿದೆ. ಒಂದು ದಿನದ ಆ ಗೌರವಕ್ಕೆ ಸಾವಿರಾರು ರೂಪಾಯಿ ವ್ಯಯಿಸುವ ನಾವು, ಅದಕ್ಕೆ ಮುಂಚಿನ ಆರು ತಿಂಗಳಲ್ಲಿ ಆಕೆಯ ರಕ್ತಪರೀಕ್ಷೆ ಎಷ್ಟು ಬಾರಿ ನಡೆಯಿತೆಂದು ಕೇಳಿದ್ದೇವೆಯೇ?

ಸಹೋದರರೇ, ನನ್ನ ವಿನಂತಿ ವಿಶೇಷವಾಗಿ ನಿಮ್ಮಲ್ಲಿ. ಪತ್ನಿಯ ತಾಯಿ ಕಾರ್ಡನ್ನು ಒಮ್ಮೆ ತೆರೆದು ಹಿಮೋಗ್ಲೋಬಿನ್ ಎಷ್ಟಿದೆಯೆಂದು ಓದಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ವ್ಯವಸ್ಥೆಯಿದೆ, ಜೊತೆಗೆ ಹೋಗಿ. ರಾತ್ರಿ ಊಟಕ್ಕೆ ಕೂರುವಾಗ ಆಕೆಯ ತಟ್ಟೆಯನ್ನೂ ಇಟ್ಟು, ಮೊದಲು ಆಕೆಗೆ ಬಡಿಸಿ. ಅತ್ತೆಯಂದಿರೇ, ಮಾತ್ರೆ ನುಂಗಿದೆಯಾ ಎಂದು ಸೊಸೆಯನ್ನು ದಿನಕ್ಕೊಮ್ಮೆ ಕೇಳಿ. ಇದಕ್ಕೆ ಯಾವ ಕಾನೂನೂ ಬೇಕಾಗಿಲ್ಲ, ಯಾವ ಅನುದಾನವೂ ಬೇಕಾಗಿಲ್ಲ. ಸಮಾಜವನ್ನು ಸುಧಾರಿಸುವ ಮಾತನ್ನು ನಾವು ವೇದಿಕೆಗಳಲ್ಲಿ ಬಹಳಷ್ಟು ಆಡಿದ್ದೇವೆ. ಅದನ್ನು ಇಂದು ರಾತ್ರಿಯ ಊಟದಿಂದಲೇ ಆರಂಭಿಸೋಣ.