ಒಂದೇ ಸೇರಿನ ಅಳತೆ

(2025ರ ದಶಲಕ್ಷಣ ಪರ್ವದ ಬಳಿಕ ಫರೀದಾಬಾದಿನ ಕನ್ನಡ ಜೈನ ಕುಟುಂಬಗಳು ಕ್ಷಮಾವಣಿಗೆಂದು ಸೇರಿದ್ದಾಗ ಮಾಡಿದ ಭಾಷಣದ ಬರಹರೂಪ)



ಹತ್ತು ದಿನಗಳ ಪರ್ವ ಮುಗಿದಿದೆ. ಉತ್ತಮ ಕ್ಷಮೆಯಿಂದ ಉತ್ತಮ ಬ್ರಹ್ಮಚರ್ಯದವರೆಗೆ ಹತ್ತು ಧರ್ಮಗಳ ಸ್ವಾಧ್ಯಾಯ ಮಾಡಿದ್ದೇವೆ. ಇಂದು ಬೆಳಗಿನಿಂದ ನನ್ನ ಫೋನಿಗೆ ಬಿಡುವಿಲ್ಲ. ಮೂಡುಬಿದಿರೆಯಿಂದ, ಬೆಳಗಾವಿಯಿಂದ, ಪುಣೆಯಿಂದ, ಕಡಲಾಚೆಯಿಂದಲೂ ಕ್ಷಮಾಯಾಚನೆ ಬರುತ್ತಿದೆ. ನಾನೂ ಎಲ್ಲರಿಗೂ ಉತ್ತರಿಸಿದ್ದೇನೆ. ಸಂಜೆ ಇಲ್ಲಿಗೆ ಹೊರಟಾಗ ನಮ್ಮ ವಸತಿ ಸಂಕೀರ್ಣದ ಕಾವಲುಗಾರ ಗೇಟು ತೆರೆದು ಕೈ ಎತ್ತಿ ನಮಸ್ಕರಿಸಿದ. ನಾನು ಪ್ರತಿನಮಸ್ಕಾರ ಮಾಡಿ ಮುಂದೆ ಬಂದೆ. ಅವನಲ್ಲಿ ಕ್ಷಮೆ ಕೇಳಲಿಲ್ಲ. ನಿಜವಾಗಿ ತಪ್ಪು ಮಾಡಿದ್ದರೆ ನಾನು ಅವನಿಗೇ ಮಾಡಿದ್ದೇನೆ. ಆ ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುವುದಕ್ಕಾಗಿ ಈ ಮಾತು.

ಕಳೆದ ವರ್ಷ ನಾನು ನಮ್ಮ ನಿವಾಸಿಗಳ ಸಂಘದ ಖಜಾಂಚಿಯಾಗಿದ್ದೆ. ಕಾವಲು ಕೆಲಸಕ್ಕೆ ಮೂರು ಏಜೆನ್ಸಿಗಳ ದರಪಟ್ಟಿ ಬಂದಿತ್ತು. ಅತ್ಯಂತ ಕಡಿಮೆಯದನ್ನು ಹತ್ತು ನಿಮಿಷದಲ್ಲಿ ಒಪ್ಪಿದೆವು. ಪ್ರವೇಶದ್ವಾರಕ್ಕೆ ಯಾವ ಬಣ್ಣದ ಕಲ್ಲು ಹಾಸಬೇಕೆಂಬ ಚರ್ಚೆ ಅದಾದ ಮೇಲೆ ಮುಕ್ಕಾಲು ಗಂಟೆ ನಡೆಯಿತು. ದರಪಟ್ಟಿಯಲ್ಲಿ ಉಳಿದ ಹಣವನ್ನು ನಾನೇ ವಾರ್ಷಿಕ ಲೆಕ್ಕದಲ್ಲಿ 'ಉಳಿತಾಯ' ಎಂದು ಬರೆದೆ. ಸಭೆ ಚಪ್ಪಾಳೆ ತಟ್ಟಿತು.

ಜನವರಿಯ ಒಂದು ರಾತ್ರಿ, ಮಂಜು ಕವಿದು ಹತ್ತು ಹೆಜ್ಜೆ ಆಚೆಗೆ ಕಾಣದಿದ್ದಾಗ, ಅವನ ಬಳಿ ನಿಂತು ಮಾತನಾಡಿಸಿದೆ. ಬಿಹಾರದವನು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಹನ್ನೆರಡು ಗಂಟೆಯ ಪಾಳಿ. ವಾರದ ರಜೆ ಇಲ್ಲ. ರಜೆ ಹಾಕಿದರೆ ಆ ದಿನದ ಹಣವಿಲ್ಲ. ಕೈಗೆ ಬರುವುದು 10,500 ರೂಪಾಯಿ. "ಬಾಬೂಜಿ, ಮನೆಯವಳು ಫೋನಿನಲ್ಲಿ ಸಂಬಳದ ಮಾತೆತ್ತಿದರೆ ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟುಬಿಡುತ್ತೇನೆ" ಎಂದ. ನಗುತ್ತಲೇ ಹೇಳಿದ. ನಾನು ಉಳಿತಾಯವೆಂದು ಬರೆದದ್ದು ಯಾರ ಮನೆಯ ಹಣವೆಂದು ಆ ರಾತ್ರಿ ತಿಳಿಯಿತು.

ಬಂಧುಗಳೇ, ಇದು ಒಬ್ಬ ಕಾವಲುಗಾರನ ಕಥೆಯಷ್ಟೇ ಅಲ್ಲ. ಆಸ್ಪತ್ರೆಯಲ್ಲಿ ನೆಲ ಒರೆಸುವವರು, ಮಾಲಿನ ಅಂಗಡಿಗಳಲ್ಲಿ ಇಡೀ ದಿನ ನಿಂತೇ ಇರುವ ಹುಡುಗಿಯರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ನಮ್ಮ ಅಡುಗೆಮನೆಗೆ ಬರುವ ಹೆಂಗಸರು, ಎಲ್ಲರ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಇದರ ಮೂಲ ಎಲ್ಲಿದೆ ನೋಡೋಣ.

ಹರಿಯಾಣ ಸರ್ಕಾರ 2015ರಲ್ಲಿ ಅಕುಶಲ ಕಾರ್ಮಿಕರಿಗೆ ತಿಂಗಳಿಗೆ 7,600 ರೂಪಾಯಿಯ ಕನಿಷ್ಠ ವೇತನ ನಿಗದಿ ಮಾಡಿತು. 1948ರ ಕನಿಷ್ಠ ವೇತನ ಕಾಯಿದೆಯ ಪ್ರಕಾರ ಈ ದರವನ್ನು ಐದು ವರ್ಷ ಮೀರದಂತೆ ಮರುಪರಿಶೀಲಿಸಬೇಕಿತ್ತು. 2025ರಲ್ಲಿ, ಹತ್ತು ವರ್ಷವಾಗುತ್ತ ಬಂದರೂ ಆ ಮೂಲದರದ ಮರುನಿಗದಿಯಾಗಿರಲಿಲ್ಲ. ಬೆಲೆ ಸೂಚ್ಯಂಕವನ್ನು ನೋಡಿ ಆಗಾಗ ತುಟ್ಟಿಭತ್ಯೆ ಸೇರುತ್ತಿತ್ತು, ಅಷ್ಟೆ. ಹೀಗೆ ಸೇರುತ್ತ ಸೇರುತ್ತ 2025ರಲ್ಲಿ ಅದು 11,200 ರೂಪಾಯಿಯ ಆಸುಪಾಸಿಗೆ ಬಂದಿತ್ತು. ತುಟ್ಟಿಭತ್ಯೆ ಏರಿದ ಬೆಲೆಯ ಹಿಂದೆ ಓಡುತ್ತದೆಯೇ ಹೊರತು ಬದುಕನ್ನು ಒಂದು ಮೆಟ್ಟಿಲೂ ಮೇಲೇರಿಸುವುದಿಲ್ಲ.

ಬದರ್ಪುರದ ಗಡಿ ದಾಟಿದರೆ ದಿಲ್ಲಿ. ಅಲ್ಲಿ ಅದೇ ಅಕುಶಲ ಕೆಲಸಕ್ಕೆ 2025ರ ಏಪ್ರಿಲಿನಿಂದ 18,456 ರೂಪಾಯಿ ನಿಗದಿಯಾಗಿತ್ತು. ನಡುವೆ ಇರುವುದು ಒಂದು ಮೆಟ್ರೋ ನಿಲ್ದಾಣದ ದೂರ. ಗಡಿಯ ಈಚೆ ಗೋಧಿಹಿಟ್ಟು ಅಗ್ಗವೇ? ಮಕ್ಕಳ ಶಾಲೆಯ ಶುಲ್ಕ ಕಡಿಮೆಯೇ? ದಿಲ್ಲಿಯ ದರ ಅಲ್ಲಿ ಎಲ್ಲರ ಕೈಗೂ ಸಿಗುತ್ತಿದೆ ಎಂದು ನಾನು ಹೇಳಲಾರೆ. ಆದರೆ ಕೇಳುವುದಕ್ಕೆ ಅಲ್ಲಿಯವನಿಗೆ ಒಂದು ಕಾಗದದ ಆಧಾರವಾದರೂ ಇದೆ.

ಮೆಟ್ರೋದ ಮಾತು ಬಂದದ್ದರಿಂದ ಹೇಳುತ್ತೇನೆ. ಅದು ನಮ್ಮ ಊರಿಗೆ ಬಂದದ್ದೂ 2015ರಲ್ಲಿಯೇ. ಆಗ ದಿಲ್ಲಿ ಮೆಟ್ರೋದ ಗರಿಷ್ಠ ದರ 30 ರೂಪಾಯಿ. 2017ರಲ್ಲಿ ಎರಡು ಬಾರಿ ಏರಿ 60 ಆಯಿತು. 2025ರ ಆಗಸ್ಟಿನಲ್ಲಿ 64. ಟಿಕೆಟಿನ ದರ ಇಮ್ಮಡಿ ಮೀರಿದ ಕಾಲದಲ್ಲಿ ಕನಿಷ್ಠ ವೇತನ ಒಂದೂವರೆ ಪಟ್ಟು ಕೂಡ ಆಗಲಿಲ್ಲ. ತಿಂಗಳಿಗೆ 26 ದಿನದ ದುಡಿಮೆಯೆಂದು ಭಾಗಿಸಿದರೆ ದಿನಕ್ಕೆ ಸುಮಾರು 430 ರೂಪಾಯಿ. ಅಡುಗೆ ಅನಿಲದ ಒಂದು ಸಿಲಿಂಡರ್ 2025ರ ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ 853 ರೂಪಾಯಿ ಇತ್ತು. ಎರಡು ದಿನದ ದುಡಿಮೆ ಒಂದು ಸಿಲಿಂಡರಿಗೆ. ಆಗ ಒಂದು ಲೀಟರು ಕೆನೆಹಾಲು 69 ರೂಪಾಯಿ. ಮಗುವಿಗೆಂದು ದಿನಕ್ಕೆ ಅರ್ಧ ಲೀಟರು ಕೊಂಡರೂ ತಿಂಗಳಿಗೆ ಸಾವಿರ ರೂಪಾಯಿ. ಕೋಣೆಯ ಬಾಡಿಗೆ, ಔಷಧ, ಊರಿಗೆ ಕಳಿಸುವ ಹಣ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಕನಿಷ್ಠ ವೇತನ ಎಂದರೇನೆಂದು ನಮ್ಮ ದೇಶ ಎಂದೋ ನಿರ್ಧರಿಸಿದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಕುಟುಂಬದ ಆಹಾರ, ವಸ್ತ್ರ, ವಸತಿ, ಇಂಧನವನ್ನು ಲೆಕ್ಕಕ್ಕೆ ಹಿಡಿಯಿತು. ಬಟ್ಟೆ ವರ್ಷಕ್ಕೆ 72 ಗಜವೆಂದು ಗಜದ ಲೆಕ್ಕವನ್ನೂ ಕೊಟ್ಟಿತು. ಮಕ್ಕಳ ಶಿಕ್ಷಣ, ಚಿಕಿತ್ಸೆ, ಮುಪ್ಪು, ಮದುವೆಗಳ ಖರ್ಚನ್ನೂ ಸೇರಿಸಬೇಕೆಂದು ಆಮೇಲೆ ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು. 1982ರಲ್ಲಿ, ದಿಲ್ಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟಿದ ಕಾರ್ಮಿಕರ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ. ಹಸಿವೂ ಒಂದು ಬಲವಂತವೇ ಎಂಬುದು ಆ ತೀರ್ಪಿನ ಸಾರ. ನಮ್ಮ ಗೇಟಿನಲ್ಲಿ ನಡೆದದ್ದು ಆ ಸಾಲಿಗೆ ಸೇರುತ್ತದೆ.

ಇನ್ನು ನಮ್ಮ ಆಗಮದ ಮಾತು. ಅಹಿಂಸೆಯೆಂದರೆ ನಮಗೆ ತಟ್ಟನೆ ನೆನಪಾಗುವುದು ರಾತ್ರಿಭೋಜನ ತ್ಯಾಗ, ಸೋಸಿದ ನೀರು, ಗಡ್ಡೆಗೆಣಸಿನ ವರ್ಜನೆ. ಇವು ಬೇಕು. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳನ್ನು ನೆನೆಯಿರಿ. ಅವುಗಳಲ್ಲಿ ಎರಡು ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ: ಹೊರಲಾರದಷ್ಟು ಹೊರೆ ಹೊರಿಸುವುದು, ಸಲ್ಲಬೇಕಾದ ಅನ್ನನೀರನ್ನು ತಡೆಯುವುದು. ಹಿಂದಿನವರು ಇದನ್ನು ಎತ್ತು, ಕುದುರೆ, ಆಳುಗಳ ಸಂದರ್ಭದಲ್ಲಿ ವಿವರಿಸಿದರು. ಹನ್ನೆರಡು ಗಂಟೆಯ ಪಾಳಿ ಯಾವ ಅತಿಚಾರ? ಮಗುವಿನ ಹಾಲಿಗೆ ಸಾಲದ ಸಂಬಳ ಯಾವ ಅತಿಚಾರ? ಎತ್ತಿಗೆ ಸಲ್ಲುವ ಕರುಣೆ ಮನುಷ್ಯನಿಗೆ ಸಲ್ಲಬೇಡವೇ?

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ರಾಜ್ಯದ ಕಟ್ಟಳೆಯನ್ನು ಮೀರುವುದೂ ಇದೆ, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದೂ ಇದೆ. ಪರಿಗ್ರಹ ಪರಿಮಾಣಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳಿದ ದೋಷಗಳಲ್ಲಿ ಲೋಭದ ಪಕ್ಕದಲ್ಲಿಯೇ ಅತಿಭಾರ ಮತ್ತೆ ಬರುತ್ತದೆ. ಆಶಾಧರ ಪಂಡಿತರು ಸಾಗಾರಧರ್ಮಕ್ಕೆ ಯೋಗ್ಯನಾದ ಗೃಹಸ್ಥನ ಗುಣಗಳನ್ನು ಹೇಳುವಾಗ ಮೊದಲು ಇಟ್ಟದ್ದು ನ್ಯಾಯದಿಂದ ಗಳಿಸಿದ ಧನವನ್ನು. ಪೂಜೆ ಕೂಡ ಅದರ ನಂತರ.

ನಮ್ಮಲ್ಲಿ ಒಂದು ಗೊಂದಲ ಬೇರೂರಿದೆ. ಕೆಲಸದವರಿಗೆ ಕೊಡುವುದನ್ನು ನಾವು ದಾನದ ಖಾತೆಯಲ್ಲಿ ಬರೆದುಕೊಳ್ಳುತ್ತೇವೆ. ಹಬ್ಬಕ್ಕೊಂದು ಸೀರೆ, ಚಳಿಗಾಲಕ್ಕೊಂದು ಕಂಬಳಿ, ಮಿಕ್ಕ ಸಿಹಿತಿಂಡಿ. ಕೊಟ್ಟಾಗ ಪುಣ್ಯ ಬಂತೆಂದು ಸಮಾಧಾನಪಡುತ್ತೇವೆ. ಅತ್ತಿಮಬ್ಬೆಯ ವಂಶದವರೆಂದು ಹೆಮ್ಮೆಪಡುವ ನಮಗೆ ದಾನದ ಹಿರಿಮೆಯನ್ನು ಯಾರೂ ಕಲಿಸಬೇಕಿಲ್ಲ. ಆದರೆ ಸಂಬಳ ದಾನವಲ್ಲ. ಅದು ಋಣ. ಋಣವನ್ನು ಉಳಿಸಿಕೊಂಡು ಅದೇ ಹಣದಲ್ಲಿ ದಾನ ಮಾಡಿದರೆ ಅದು ಯಾವ ಖಾತೆಗೆ ಜಮೆಯಾಗುತ್ತದೆ?

ನಮ್ಮ ಅಜ್ಜಿಯ ಮಾತೊಂದು ನೆನಪಾಗುತ್ತದೆ. ಕಾರ್ಕಳದ ಕಡೆಯ ನಮ್ಮ ಮನೆಗೆ ಆಗ ಗೇಣಿ ಬರುತ್ತಿತ್ತು. ಗದ್ದೆಯ ಆಳುಗಳಿಗೆ ಸಂಜೆ ಅಕ್ಕಿಯಲ್ಲಿ ಕೂಲಿ ಅಳೆಯುತ್ತಿದ್ದರು. ಕೆಲವು ಮನೆಗಳಲ್ಲಿ ತೆಗೆದುಕೊಳ್ಳುವುದಕ್ಕೆ ಒಂದು ಸೇರು, ಕೊಡುವುದಕ್ಕೆ ಇನ್ನೊಂದು ಸೇರು ಇರುತ್ತಿತ್ತಂತೆ. "ನಮ್ಮ ಮನೆಯಲ್ಲಿ ಸೇರು ಒಂದೇ ಮಗಾ" ಎನ್ನುತ್ತಿದ್ದರು ಅಜ್ಜಿ. ಭೂಸುಧಾರಣೆಯಲ್ಲಿ ಗದ್ದೆಗಳು ಒಕ್ಕಲುಗಳ ಪಾಲಾದವು. ಅದು ನ್ಯಾಯವೇ ಆಯಿತು. ನಾವು ಓದಿ ನೌಕರಿ ಹಿಡಿದು ಊರು ಬಿಟ್ಟೆವು. ಆ ಒಂದೇ ಸೇರನ್ನು ಜೊತೆಗೆ ತರುವುದನ್ನು ಮರೆತೆವು.

ನಾನು ಕೇಂದ್ರ ಸರ್ಕಾರದ ಪಿಂಚಣಿದಾರ. ಇಲ್ಲಿ ನನ್ನಂಥವರು ಹಲವರಿದ್ದಾರೆ. ನಮಗೆ ತುಟ್ಟಿಭತ್ಯೆಯೂ ಇದೆ, ಮೂಲವೇತನವನ್ನೇ ಮರುನಿಗದಿ ಮಾಡುವ ಆಯೋಗವೂ ಇದೆ. ಏಳನೆಯ ಆಯೋಗ 2016ರಿಂದ ಅನ್ವಯವಾಯಿತು. ಎಂಟನೆಯದಕ್ಕೆ 2025ರ ಜನವರಿಯಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆತಾಗ ನಾವು ಪರಸ್ಪರ ಸಿಹಿ ಹಂಚಿದೆವು. ಬೆಲೆ ಏರಿದಾಗ ನಮಗೆ ಒಂದು ಸೇರು, ಗೇಟಿನವನಿಗೆ ಇನ್ನೊಂದು ಸೇರು.

ನಾವು ಇರುವ ಈ ಊರಿಗೇ ಒಂದು ಪಾಠವಿದೆ. ವಿಭಜನೆಯ ನಂತರ ವಾಯವ್ಯ ಗಡಿ ಪ್ರಾಂತದಿಂದ ಬಂದ ಸುಮಾರು 50,000 ನಿರಾಶ್ರಿತರಿಗಾಗಿ ಹೊಸ ಫರೀದಾಬಾದ್ ಎದ್ದಿತು. ಆ ಕಾರ್ಯದ ಮುಂಚೂಣಿಯಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮತ್ತು ಅವರ ಇಂಡಿಯನ್ ಕೋಆಪರೇಟಿವ್ ಯೂನಿಯನ್. ಅವರ ಜೊತೆ ದುಡಿದ ತರುಣ ಲಕ್ಷ್ಮೀಚಂದ್ ಜೈನ್. ಮುಂದೆ ಮ್ಯಾಗ್ಸೆಸೆ ಪ್ರಶಸ್ತಿ ಪಡೆದು, 2010ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡವರು. ನಿರಾಶ್ರಿತರಿಗೆ ಬರಿಯ ಪಡಿ ಹಂಚದೆ, ಗುತ್ತಿಗೆದಾರನನ್ನು ನಡುವೆ ತರದೆ, ಅವರದೇ ಸಹಕಾರ ಸಂಘಗಳ ಮೂಲಕ ಮನೆ ಕಟ್ಟಿಸಿ ಕೂಲಿ ನೇರವಾಗಿ ಅವರ ಕೈ ಸೇರುವಂತೆ ಮಾಡುವುದು ಅವರ ದಾರಿಯಾಗಿತ್ತು. ಆ ಪ್ರಯೋಗ ಬಹಳ ಕಾಲ ಉಳಿಯಲಿಲ್ಲ. ಅದರ ಏಳುಬೀಳನ್ನು ಜೈನ್ ಅವರೇ ಪುಸ್ತಕ ಮಾಡಿ ಬರೆದಿದ್ದಾರೆ. ಆದರೆ ಒಬ್ಬ ಕನ್ನಡ ನಾಡಿನ ಹೆಣ್ಣುಮಗಳು ಮತ್ತು ಒಬ್ಬ ಜೈನ ತರುಣ ಇದೇ ನೆಲದಲ್ಲಿ ಕೂಲಿಯನ್ನು ಕರುಣೆಯಿಂದ ಬೇರ್ಪಡಿಸಿ ನೋಡಿದ್ದರು. ನಾವು ಹೊಸದೇನನ್ನೂ ಮಾಡಬೇಕಿಲ್ಲ.

ಸರ್ಕಾರ ಮಾಡಬೇಕಾದದ್ದಿದೆ. ಹರಿಯಾಣ ತನ್ನ ಮೂಲದರವನ್ನು ಕಾನೂನಿನಂತೆ ಕಾಲಕಾಲಕ್ಕೆ ಮರುನಿಗದಿ ಮಾಡುತ್ತಿರಬೇಕು. ವೇತನ ಹೆಚ್ಚಿಸಿದರೆ ಉದ್ಯಮಗಳು ಬೇರೆಡೆ ಹೋಗುತ್ತವೆ ಎನ್ನುತ್ತಾರೆ. ಕಾರ್ಖಾನೆ ಹೋಗಬಹುದು, ನಮ್ಮ ಗೇಟು ಎಲ್ಲಿಗೆ ಹೋಗುತ್ತದೆ? ಆಸ್ಪತ್ರೆಯ ನೆಲವನ್ನು ಬೇರೆ ರಾಜ್ಯದಲ್ಲಿ ಒರೆಸಲಾದೀತೇ? ಸೇವಾ ಕೆಲಸಗಳ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ಮತ ಕೇಳಲು ಬರುವ ಯಾವ ಪಕ್ಷದವರಿಗೇ ಆಗಲಿ ಈ ಪ್ರಶ್ನೆ ಹಾಕೋಣ.

ಆದರೆ ಸರ್ಕಾರವನ್ನು ಕಾಯದೆ ನಾವು ಮಾಡಬಹುದಾದದ್ದೂ ಇದೆ. ನಮ್ಮ ಸಂಕೀರ್ಣದಲ್ಲಿ 120 ಮನೆಗಳು. ಎರಡು ಪಾಳಿಯನ್ನು ಮೂರು ಮಾಡಿ, ವಾರದ ರಜೆಗೆ ಬದಲಿಯವರನ್ನೂ ಸೇರಿಸಿ 11 ಜನರನ್ನು ಇಟ್ಟು, ಕಾನೂನಿನ ವೇತನ, ಭವಿಷ್ಯನಿಧಿ, ಇಎಸ್‌ಐ ಎಲ್ಲವನ್ನೂ ಕೊಟ್ಟರೆ ಮನೆಯೊಂದಕ್ಕೆ ತಿಂಗಳಿಗೆ ಸುಮಾರು 800 ರೂಪಾಯಿ ಹೆಚ್ಚಾಗುತ್ತದೆ. ಸಣ್ಣ ಮೊತ್ತವೆಂದು ನಾನು ಹೇಳುವುದಿಲ್ಲ. ಪಿಂಚಣಿಯಲ್ಲಿ ಬದುಕುವ ಕೆಲವರಿಗೆ ಅದು ಭಾರ. ಅಂಥವರ ಪಾಲನ್ನು ಉಳಿದವರು ಹೊರಬಹುದು. ಕೊಟ್ಟ ಹಣ ಏಜೆನ್ಸಿಯಲ್ಲಿಯೇ ನಿಲ್ಲದಂತೆ ಸಂಬಳ ಬ್ಯಾಂಕ್ ಖಾತೆಗೇ ಹೋಗಲಿ, ಅದರ ದಾಖಲೆ ಸಂಘಕ್ಕೆ ಪ್ರತಿ ತಿಂಗಳು ಬರಲಿ. ಮನೆಕೆಲಸದವರಿಗೆ ವಾರಕ್ಕೊಂದು ರಜೆ, ವರ್ಷಕ್ಕೊಮ್ಮೆ ಕೇಳದೆಯೇ ಏರಿಕೆ ಇರಲಿ. ಬೆಂಗಳೂರಿನಲ್ಲಿರುವ ಬಂಧುಗಳಿಗೂ ಇದನ್ನು ಹೇಳಿ: ಕರ್ನಾಟಕ 2004ರಲ್ಲಿಯೇ ಮನೆಕೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದೆ. ಬಸದಿಗಳ ಆಡಳಿತದಲ್ಲಿರುವವರು ಮೊದಲು ಬಸದಿಯ ಕಸ ಗುಡಿಸುವವರ ಸಂಬಳದ ಪುಸ್ತಕ ತೆರೆಯಲಿ.

ಬರುವ ಭಾನುವಾರ ನಮ್ಮ ಸಂಘದ ಸಭೆಯಿದೆ. ಹೊಸ ಗುತ್ತಿಗೆಯ ಪ್ರಸ್ತಾವವನ್ನು ನಾನು ಇಟ್ಟಿದ್ದೇನೆ. ಗೆಲ್ಲುತ್ತದೆಂಬ ಭರವಸೆಯಿಲ್ಲ, ಕಳೆದ ಸಲ ಚಪ್ಪಾಳೆ ತಟ್ಟಿದವರೇ ಈಗ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಅದೇ ಸಂಕೀರ್ಣದ ಆರು ಮನೆಯವರು ಇಲ್ಲಿ ಕುಳಿತಿದ್ದೀರಿ. ದಯವಿಟ್ಟು ಸಭೆಗೆ ಬನ್ನಿ, ಕೈ ಎತ್ತಿ.

ಇಂದು ಮರಳಿ ಹೋಗುವಾಗ ಗೇಟಿನಲ್ಲಿ ನಿಂತು ಅವನಲ್ಲಿ ಕ್ಷಮೆ ಕೇಳುತ್ತೇನೆ. ಅವನು ನಕ್ಕು "ಯಾಕೆ ಬಾಬೂಜಿ" ಎನ್ನಬಹುದು. ಭಾನುವಾರದ ಸಭೆ ಮುಗಿಯುವವರೆಗೆ ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ನನ್ನ ಮಾತಿನಿಂದ ಯಾರ ಮನಸ್ಸಾದರೂ ನೊಂದಿದ್ದರೆ ತ್ರಿಕರಣಪೂರ್ವಕವಾಗಿ ಕ್ಷಮೆ ಬೇಡುತ್ತೇನೆ.